ಅರ್ಧ ಕಟ್ಟಿದ ಊರು

ಜೂನ್ ೪, ಸೋಮವಾರ

ಇವತ್ತು ಕ್ಲಿನಿಕ್‌ನಲ್ಲಿ ಫೋನ್ ಎತ್ತಿ, "ಹಲೋ, ಹಲ್ಲಿನ ಆಸ್ಪತ್ರೆ" ಅನ್ನುವ ಬದಲು "ಹಲೋ, ನನ್ನ ಗಂಡ" ಅಂದುಬಿಟ್ಟೆ! ಆ ಕಡೆ ದವಡೆ ಹಿಡಿದುಕೊಂಡು ಮಾತಾಡುತ್ತಿದ್ದ ಮುದುಕರು, "ಅಲ್ಲಮ್ಮ, ನಾನಲ್ಲ" ಅಂದರು. ಡಾಕ್ಟರಮ್ಮ ಇಕ್ಕಳ ಕೆಳಗಿಟ್ಟು ನಕ್ಕರು, ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದವರೂ ಆದಷ್ಟು ನಕ್ಕರು. ಏನು ಮಾಡಲಿ? ಮದುವೆಯಾಗಿ ಇನ್ನೂ ತಿಂಗಳು ತುಂಬಿಲ್ಲ. "ನನ್ನ ಗಂಡ" ಅನ್ನುವ ಎರಡು ಪದ ಪೆಪ್ಪರ್‌ಮಿಂಟಿನ ಹಾಗೆ ನಾಲಿಗೆಯ ಮೇಲೇ ಕೂತಿವೆ.

ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂನಲ್ಲಿ. ಆದರೆ ಇಂಗ್ಲಿಷಿನಲ್ಲಿ ದಿನಚರಿ ಬರೆಯಲು ಕೂತರೆ ಹಿಂದೆ ಯಾರೋ ಕೆಂಪು ಪೆನ್ನು ಹಿಡಿದು ನಿಂತ ಹಾಗಾಗುತ್ತದೆ. ಸಂತೋಷವನ್ನು ಕನ್ನಡದಲ್ಲೇ ಬರೆಯುತ್ತೇನೆ. ಒತ್ತಕ್ಷರ ತಪ್ಪಿದರೆ ನೋಡುವವರು ಯಾರು?

ನನ್ನ ಗಂಡ (ಆಹಾ!) ಹಳೆಯ ಕುರ್ಚಿ ಮೇಜುಗಳನ್ನು ರಿಪೇರಿ ಮಾಡಿ, ಪಾಲಿಶ್ ಹಾಕಿ, ಹೊಸದರ ಹೊಟ್ಟೆ ಉರಿಯುವ ಹಾಗೆ ಮಾಡುವವನು. ಅದಕ್ಕೇ ನಾನು ಅವನಿಗಿಟ್ಟ ಹೆಸರು ಪಾಲಿಶ್ ಸಾಹೇಬ. ಕ್ಲಿನಿಕ್‌ನ ಅಲುಗಾಡುವ ಬೆಂಚು ಸರಿಮಾಡಲು ಬಂದಿದ್ದ. ಬೆಂಚಿನ ಕಾಲು ನೆಲಕ್ಕೆ ನಿಂತಿತು, ನನ್ನ ಕಾಲು ನಿಲ್ಲಲಿಲ್ಲ.

ಸಾಹೇಬನಿಗೆ ಮೊದಲೊಂದು ಮದುವೆಯಾಗಿತ್ತು. ಮೂರು ವರ್ಷದ ಹಿಂದೆ ವಿಚ್ಛೇದನ. ಎಂಟು ವರ್ಷದ ಮಗಳಿದ್ದಾಳೆ. ಅಪ್ಪ ಅವಳನ್ನು ಕರೆಯುವುದು ಬಟಾಣಿ ಅಂತ. ಅಮ್ಮನ ಜೊತೆ ಇರುತ್ತಾಳೆ. ಶನಿವಾರ ಬೆಳಿಗ್ಗೆ ಬಂದು ಒಂದು ರಾತ್ರಿ ಉಳಿದು ಭಾನುವಾರ ಸಂಜೆ ಹೋಗುತ್ತಾಳೆ. ಮದುವೆಯ ಗಲಾಟೆ, ಸುತ್ತಾಟದಲ್ಲಿ ನಾನು ಅವಳ ಜೊತೆ ಸರಿಯಾಗಿ ಮಾತೇ ಆಡಿಲ್ಲ. ನನ್ನಮ್ಮನಿಗೆ ಅದೇ ಚಿಂತೆ. ಇವತ್ತೂ ಫೋನಿನಲ್ಲಿ, "ಹುಷಾರು ಕಣೇ, ಬೇರೆಯವರ ಮಗು. ಮುದ್ದು ಮಾಡಿದ್ರೆ ನಾಟಕ ಅಂತಾರೆ, ಮಾಡದಿದ್ರೆ ಮಲತಾಯಿ ಅಂತಾರೆ" ಅಂದಳು.

ಅಮ್ಮನಿಗೇನು ಗೊತ್ತು! ಕ್ಲಿನಿಕ್‌ಗೆ ಬರುವ ಮಕ್ಕಳೆಲ್ಲ ಡಾಕ್ಟರಿಗೆ ಬಾಯಿ ತೆರೆಯುವ ಮೊದಲು ನನಗೆ ತೆರೆಯುತ್ತಾರೆ. ಬಟಾಣಿ ನನ್ನನ್ನು ಇಷ್ಟಪಡದೆ ಹೋಗುತ್ತಾಳಾ?

ಜೂನ್ ೯, ಶನಿವಾರ

ಬಂದಳು! ಬಂದಳು ಅನ್ನುವುದು ತಪ್ಪು, ನುಗ್ಗಿದಳು. ಒಂದು ಶೂ ಬಾಗಿಲಲ್ಲಿ ಬೋರಲಾಗಿ, ಇನ್ನೊಂದು ಎಲ್ಲೋ ಕುರ್ಚಿಯ ಕೆಳಗೆ. ಚೀಲ ಹಾರಿಬಂದು ಸೋಫಾದ ಮೇಲೆ ಬಿತ್ತು. ನಾನು ಹೊಸ ಬಟ್ಟೆ ಹಾಕಿ, ಕೈಯಲ್ಲಿ ಹಣ್ಣಿನ ರಸದ ಲೋಟ ಹಿಡಿದು ಸ್ವಾಗತ ಸಮಿತಿಯಂತೆ ನಿಂತಿದ್ದೆ. "ಹಾಯ್ ಬಟಾಣಿ!" ಅಂದೆ. "ಹಾಂ" ಅಂದು ನನ್ನ ಪಕ್ಕದಿಂದಲೇ ಸಾಗಿಹೋದಳು, ಕಂಬ ಬಳಸಿ ಹೋಗುವ ಹಾಗೆ.

ಹೋಗಿದ್ದು ಕಿಟಕಿಯ ಹತ್ತಿರದ ದೊಡ್ಡ ಮೇಜಿಗೆ. ಆ ಮೇಜಿನ ಮೇಲೆ ಒಂದು ಊರಿದೆ. ಅಂಗಡಿಯಲ್ಲಿ ಮಿಕ್ಕ ಮರದ ಚೂರು, ರಟ್ಟು, ಬೆಂಕಿಕಡ್ಡಿಗಳಿಂದ ಅಪ್ಪ ಮಗಳು ಕಟ್ಟಿದ್ದು. ಛಾವಣಿಯಿಲ್ಲದ ಕ್ಷೌರದಂಗಡಿ, ಬಾಗಿಲಿಲ್ಲದ ಬೇಕರಿ, ಒಂದೇ ಗೋಡೆಗೆ ಬಣ್ಣ ಬಳಿದ ಶಾಲೆ. ನೀಲಿ ಕಾಗದದ ನದಿ, ಅದರ ಮಧ್ಯದವರೆಗೆ ಮಾತ್ರ ಬಂದು ನಿಂತ ಸೇತುವೆ. ಸೇತುವೆಯ ಈಚೆ ಒಂದು ಕೆಂಪು ಬಸ್ಸು.

"ಅಪ್ಪಾ, ಸೇತುವೆ ಯಾರಾದ್ರೂ ಮುಟ್ಟಿದ್ರಾ?"

"ಮೇಯರ್ ಮೇಡಂ ಆರ್ಡರ್ ಇಲ್ದೆ ಯಾರು ಮುಟ್ತಾರೆ?"

"ಬಸ್ಸು?"

"ವಾರದಿಂದ ಇಲ್ಲೇ ನಿಂತಿದೆ. ಪ್ರಯಾಣಿಕರು ಬಾಯಿಗೆ ಬಂದ ಹಾಗೆ ಬೈತಿದಾರೆ."

"ಬೈಲಿ. ಅಷ್ಟು ಅರ್ಜೆಂಟಿದ್ರೆ ಈಜ್ಕೊಂಡು ಹೋಗ್ಲಿ."

ಇಬ್ಬರೂ ನಕ್ಕ ರೀತಿ ಒಂದೇ. ಮೂಗು ಮೊದಲು ನಗುತ್ತದೆ, ಆಮೇಲೆ ಬಾಯಿ. ನಾನೂ ಕುರ್ಚಿ ಎಳೆದುಕೊಂಡು ಕೂತೆ. ಬಟಾಣಿ ಅಂಟಿನ ಡಬ್ಬಿಯನ್ನು ಸ್ವಲ್ಪ ತನ್ನ ಕಡೆಗೆ ಸರಿಸಿಕೊಂಡಳು. ಸ್ವಲ್ಪವೇ. ಇಡೀ ದಿನ ನನ್ನನ್ನು ಆಂಟಿ ಅನ್ನಲಿಲ್ಲ, ಅಕ್ಕ ಅನ್ನಲಿಲ್ಲ, ಏನೂ ಅನ್ನಲಿಲ್ಲ. ನೀರು ಬೇಕಾದಾಗಲೂ ಗಾಳಿಗೆ ಹೇಳುವ ಹಾಗೆ "ನೀರು ಬೇಕಿತ್ತು" ಅಂದಳು.

ಪರವಾಗಿಲ್ಲ! ಮೊದಲ ದಿನ.

ಜೂನ್ ೧೦, ಭಾನುವಾರ

ಸಂಜೆ ಸಾಹೇಬ ಬಟಾಣಿಯನ್ನು ಬಿಟ್ಟುಬಂದ. ವ್ಯಾನಿನ ಸದ್ದು ಕೇಳಿ ಟೀಗೆ ನೀರಿಟ್ಟೆ. ನೀರು ಕುದ್ದು ಬತ್ತಿತು, ಅವನು ಒಳಗೆ ಬರಲಿಲ್ಲ. ಕಿಟಕಿಯಿಂದ ನೋಡಿದರೆ ಗೇಟಿನೆದುರು ವ್ಯಾನ್ ನಿಲ್ಲಿಸಿಕೊಂಡು ಒಳಗೇ ಕೂತಿದ್ದಾನೆ. ಯಾರದೋ ಫೋನ್ ಬಂದಿರಬೇಕು.

ಜೂನ್ ೧೨, ಮಂಗಳವಾರ

ನನ್ನ ಸಾಹೇಬನ ಒಂದು ದೋಷ ಕಂಡುಹಿಡಿದೆ! ಊರವರ ಮೇಜಿಗೆಲ್ಲ ಕೊನೆಯ ಕೈ ಕೊಡುವವನು, ತನ್ನ ಮನೆಯಲ್ಲಿ ಒಂದು ಕೆಲಸವನ್ನೂ ಮುಗಿಸುವುದಿಲ್ಲ. ಊರಿಗೆ ಉಪಕಾರಿ ಅಂತ ಗಾದೆಯೇ ಇದೆಯಲ್ಲ. ಬಟಾಣಿಯ ಕೋಣೆಯಲ್ಲಿ ಅರ್ಧ ಹೊಲಿದ ದಿಂಬಿನ ಚೀಲ, ಸೂಜಿ ಅದರಲ್ಲೇ ಚುಚ್ಚಿಕೊಂಡಿದೆ. ಅರ್ಧ ಬಣ್ಣ ತುಂಬಿದ ಆನೆ. ಕಥೆಯ ಪುಸ್ತಕ ಮಧ್ಯದ ಪುಟದಲ್ಲಿ ತೆರೆದು ಕವುಚಿದೆ. ಅಡುಗೆಮನೆಯ ಡಬ್ಬಿಯಲ್ಲಿ ಅರ್ಧ ಪೊಟ್ಟಣ ಬಿಸ್ಕತ್ತು, ರಬ್ಬರ್ ಬ್ಯಾಂಡ್ ಸುತ್ತಿಟ್ಟದ್ದು. ಮೆತ್ತಗಾಗಿತ್ತು, ಎಸೆದೆ.

"ಏನಪ್ಪಾ ಇದು, ಅರೆಬರೆ ಸಂಸಾರ!" ಅಂದೆ.

"ಇರ್ಲಿ ಬಿಡು" ಅಂದ.

"ಆ ಸೇತುವೆನಾದ್ರೂ ಮುಗಿಸ್ಬಾರ್ದಾ? ಒಂದು ಗಂಟೆ ಕೆಲಸ."

"ಮುಗಿಯುತ್ತೆ. ಅವಸರ ಏನಿದೆ?"

ನಾನು ಅರ್ಧಕ್ಕೆ ಬಿಡುವ ಜಾತಿಯಲ್ಲ. ಶಾಲೆಯಲ್ಲಿ ಬೆಂಚಿನ ಪಕ್ಕದವಳ ಚಿತ್ರಕ್ಕೂ ನಾನೇ ಬಣ್ಣ ತುಂಬಿ ಮುಗಿಸಿ ಬೈಸಿಕೊಂಡವಳು. ನನ್ನ ತಲೆಯಲ್ಲಿ ಒಂದು ಯೋಜನೆ ಮೊಳೆತಿದೆ. ಈ ದಿನಚರಿಗೂ ಹೇಳುವುದಿಲ್ಲ!

ಜೂನ್ ೧೫, ಶುಕ್ರವಾರ

ನಾಳೆ ಬಟಾಣಿ ಬರುವುದಿಲ್ಲ. ಶಾಲೆಯಿಂದ ಪ್ರವಾಸವಂತೆ. ಶಾಲೆಯ ಮೆಸೇಜುಗಳೆಲ್ಲ ಅಮ್ಮನ ಫೋನಿಗೇ ಹೋಗುತ್ತವೆ, ಹಾಗಾಗಿ ಇವನಿಗೆ ಗೊತ್ತಾದದ್ದು ಇವತ್ತು ಸಂಜೆ. "ಮೊದಲೇ ಹೇಳಿದ್ರೆ ನೀರಿನ ಬಾಟಲಿ ಹೊಸದು ಕೊಡಿಸ್ಬಹುದಿತ್ತು, ಮುಚ್ಚಳ ಸೋರುತ್ತೆ ಅದು" ಅಂದ. ಅಷ್ಟೇ. ಸಿಟ್ಟು ಬರುವುದೇ ಇಲ್ಲವಲ್ಲ ಇವನಿಗೆ ಅಂತ ನನಗೇ ಸಿಟ್ಟು ಬಂತು.

ಆದರೆ ನನ್ನ ಯೋಜನೆಗೆ ಒಂದು ವಾರ ಹೆಚ್ಚು ಸಿಕ್ಕಿತು!

ಜೂನ್ ೨೧, ಗುರುವಾರ

ಮುಗಿಯಿತು! ಮುಗಿಯಿತು! ಬೆರಳೆಲ್ಲ ಅಂಟು, ಉಗುರಿನ ತುಂಬ ಬಣ್ಣ, ಕ್ಲಿನಿಕ್‌ನಲ್ಲಿ ಡಾಕ್ಟರಮ್ಮ "ಗೋಡೆ ಬಳಿಯೋ ಕೆಲಸ ಹಿಡಿದ್ಯಾ?" ಅಂದರು.

ಸಾಹೇಬ ಸೋಮವಾರವೇ ಒಂದು ಹೋಟೆಲಿನ ಕುರ್ಚಿಗಳ ಪಾಲಿಶ್‌ಗೆಂದು ಪಕ್ಕದ ಊರಿಗೆ ಹೋದ. ಬರುವುದು ನಾಳೆ. ದಿನಾ ಸಂಜೆ ಬಂದವಳೇ ಊರು ಕಟ್ಟಿದೆ. ಕ್ಷೌರದಂಗಡಿಗೆ ಹಂಚಿನ ಛಾವಣಿ, ಬೇಕರಿಗೆ ಬಾಗಿಲು, ಬಾಗಿಲಿಗೆ ಪುಟಾಣಿ ಗಂಟೆ. ಶಾಲೆಯ ಉಳಿದ ಗೋಡೆಗಳಿಗೂ ಹಳದಿ ಬಣ್ಣ. ಬೀದಿಯುದ್ದಕ್ಕೂ ಬ್ಯಾಟರಿ ದೀಪ, ಒಂದು ಗುಂಡಿ ಒತ್ತಿದರೆ ಎಲ್ಲ ಒಟ್ಟಿಗೆ ಹತ್ತುತ್ತವೆ! ಸೇತುವೆ ಪೂರ್ತಿ. ಕೊನೆಗೆ ಕೆಂಪು ಬಸ್ಸನ್ನು ಮೆಲ್ಲಗೆ ತಳ್ಳಿ ನದಿಯ ಆಚೆ ನಿಲ್ಲಿಸಿದೆ. ಪಾಪ, ಆ ಪ್ರಯಾಣಿಕರು ಎಷ್ಟು ದಿನ ಕಾಯಬೇಕು!

ದಿಂಬಿನ ಚೀಲ ಹೊಲಿದೆ. ಆನೆಗೂ ಬಣ್ಣ ತುಂಬಿ ಗೋಡೆಗೆ ಅಂಟಿಸಿದೆ. ಕಥೆಯ ಪುಸ್ತಕ ಮುಚ್ಚಿ, ಎಲ್ಲ ಪುಸ್ತಕಗಳನ್ನೂ ಕಪಾಟಿನಲ್ಲಿ ಎತ್ತರದ ಪ್ರಕಾರ ಜೋಡಿಸಿದೆ. ಹೊಸ ಬಿಸ್ಕತ್ತಿನ ಪೊಟ್ಟಣ ತಂದಿಟ್ಟೆ.

ಅವಳು ಗುಂಡಿ ಒತ್ತಿದಾಗ ಮುಖ ಹೇಗಿರುತ್ತದೋ! ನಾನು ಎಲ್ಲಿ ನಿಂತಿರಬೇಕು ಅಂತ ಕೂಡ ಯೋಚಿಸಿಟ್ಟಿದ್ದೇನೆ.

ಜೂನ್ ೨೨, ಶುಕ್ರವಾರ

ಸಾಹೇಬ ಬಂದ. ಚೀಲ ಕೈಯಲ್ಲಿ ಹಿಡಿದುಕೊಂಡೇ ಮೇಜಿನ ಮುಂದೆ ನಿಂತ. ನಾನು ದೀಪ ಹತ್ತಿಸಿ ತೋರಿಸಿದೆ. ತುಂಬ ಹೊತ್ತು ನೋಡಿದ. "ತುಂಬಾ ಚೆನ್ನಾಗಿ ಮಾಡಿದೀಯ" ಅಂದು ನನ್ನ ತಲೆ ಸವರಿದ. ಆಮೇಲೆ ಅಡುಗೆಮನೆಗೆ ಹೋಗಿ, ಬಿಸ್ಕತ್ತಿನ ಡಬ್ಬಿ ತೆಗೆದು, ಮುಚ್ಚಿಟ್ಟ. ಪ್ರಯಾಣದ ಆಯಾಸ, ಬೇಗ ಮಲಗಿದ.

ಜೂನ್ ೨೩, ಶನಿವಾರ

ಬಟಾಣಿ ನುಗ್ಗಿ ಬಂದಳು. ಮೇಜಿನ ಹತ್ತಿರ ಹೋಗಿ ನಿಂತಳು. ನಾನು "ಒತ್ತು, ಒತ್ತು!" ಅಂದೆ. ಒತ್ತಿದಳು. ದೀಪ ಹತ್ತಿದವು.

"ಚೆನ್ನಾಗಿದೆ" ಅಂದಳು. ಆಮೇಲೆ ಮೆಲ್ಲಗೆ, "ಬಸ್ಸು ಹೋಗ್ಬಿಟ್ಟಿದೆ."

"ಹೌದು! ಸೇತುವೆ ಆಯ್ತಲ್ಲ!"

ಕೋಣೆಗೆ ಹೋಗಿ ಬಂದಳು. ಆನೆಯನ್ನು ನೋಡಿರಬೇಕು. ಬಾಗಿಲ ಹತ್ತಿರ ಹೋಗಿ ಬೋರಲಾಗಿ ಬಿದ್ದಿದ್ದ ಶೂ ಎತ್ತಿ, ಕುರ್ಚಿಯ ಕೆಳಗಿದ್ದ ಇನ್ನೊಂದನ್ನು ತಂದು, ಎರಡನ್ನೂ ಗೋಡೆಗೆ ಒರಗಿಸಿ ಜೋಡಿಯಾಗಿ ಇಟ್ಟಳು. ಎಷ್ಟು ಶಿಸ್ತು ಅಂತ ಮೆಚ್ಚಿಕೊಂಡೆ. ಸೋಫಾದ ತುದಿಯಲ್ಲಿ ಕೂತು ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡಳು. ನಮ್ಮ ಕ್ಲಿನಿಕ್‌ನಲ್ಲಿ ಮಕ್ಕಳು ತಮ್ಮ ಸರದಿಗೆ ಕಾಯುತ್ತಾ ಹಾಗೇ ಕೂರುತ್ತಾರೆ.

ಸಾಹೇಬ ಏನೇನೋ ಮಾತು ತೆಗೆದ. ಪ್ರವಾಸ ಹೇಗಿತ್ತು? ಚೆನ್ನಾಗಿತ್ತು. ಬಾಟಲಿ ಸೋರಿತಾ? ಇಲ್ಲ. ಪಾರ್ಕಿಗೆ ಹೋಗೋಣ್ವಾ? ನೀವು ಹೇಳಿದ ಹಾಗೆ.

ಅಪ್ಪನಿಗೆ "ನೀವು" ಅಂದಳು.

ಸಂಜೆ ಹೊಟ್ಟೆನೋವು ಅಂದಳು. ಸಾಹೇಬ ಅವಳನ್ನು ಅಮ್ಮನ ಮನೆಗೆ ಬಿಟ್ಟುಬಂದ. ವ್ಯಾನಿನಲ್ಲೇ ಕೂತಿದ್ದ. ಫೋನ್ ಬಂದಿರಲಿಲ್ಲ. ಫೋನ್ ಇಲ್ಲೇ ಮೇಜಿನ ಮೇಲಿತ್ತು, ಆ ಊರಿನ ಪಕ್ಕದಲ್ಲಿ.

ಜೂನ್ ೨೫, ಸೋಮವಾರ

ಬಟಾಣಿಯ ಅಮ್ಮ ಫೋನ್ ಮಾಡಿದ್ದರು. ಸಾಹೇಬ ಸ್ಪೀಕರ್ ಹಾಕಿ ಕೈ ಒರೆಸಿಕೊಳ್ಳುತ್ತಿದ್ದ, ನನಗೂ ಕೇಳಿಸಿತು. ದನಿಯಲ್ಲಿ ಜಗಳವಿರಲಿಲ್ಲ. ಇದ್ದಿದ್ದರೆ ಸುಲಭವಿತ್ತು.

"ಮುಂದಿನ ತಿಂಗಳಿಂದ ಶನಿವಾರ ಬೆಳಿಗ್ಗೆ ಈಜು ಕ್ಲಾಸ್ ಇದೆ ಅವಳಿಗೆ. ಲೇಡೀಸ್ ರೂಮಲ್ಲಿ ಬಟ್ಟೆ ಬದಲಾಯಿಸ್ಬೇಕು, ತಲೆ ಒರೆಸ್ಬೇಕು, ನಿನ್ನನ್ನ ಒಳಗೆ ಬಿಡಲ್ಲ. ನಾನೇ ಕರ್ಕೊಂಡು ಹೋಗ್ತೀನಿ. ಹಾಗಾಗಿ ಇನ್ಮೇಲೆ ಭಾನುವಾರ ಮಧ್ಯಾಹ್ನ ಬಂದು ಸಂಜೆ ವಾಪಸ್ ಬರ್ಲಿ, ಆಗಲ್ವಾ?"

"ರಾತ್ರಿ ಉಳಿಯೋದು?"

"ನಾನು ಬೇಡ ಅಂತಿಲ್ಲ. ಅವಳೇ ಬೇಡ ಅಂತಿದಾಳೆ. ಯಾಕೆ ಅಂತ ಕೇಳ್ದೆ. 'ಅಲ್ಲಿ ನನಗೇನೂ ಕೆಲಸ ಇಲ್ಲ' ಅಂದ್ಲು."

"ಸರಿ. ಒತ್ತಾಯ ಮಾಡ್ಬೇಡ" ಅಂದ ಇವನು.

ಫೋನ್ ಇಟ್ಟು, ಹರಳೆಣ್ಣೆ ಕುಡಿದವರ ಮುಖ ಮಾಡಿಕೊಂಡು ನಕ್ಕ. ನನಗೆ ನಗು ಬರಲಿಲ್ಲ. ಅಲ್ಲಿ ನನಗೇನೂ ಕೆಲಸ ಇಲ್ಲ. ಎಂಟು ವರ್ಷದ ಮಗುವಿಗೆ ಅದೆಂಥ ಕೆಲಸ?

ಜೂನ್ ೨೭, ಬುಧವಾರ

ಇವತ್ತು ಕ್ಲಿನಿಕ್ ಮುಗಿಸಿ ಅವನ ಅಂಗಡಿಗೇ ಹೋದೆ. ಯಾವುದೋ ಮುರಿದ ಕುರ್ಚಿಯ ತೋಳಿಗೆ ಉಪ್ಪುಕಾಗದ ಉಜ್ಜುತ್ತಿದ್ದ. ಕೇಳಿದೆ, "ಅವಳ ಕೆಲಸ ನಾನು ಮುಗಿಸ್ಬಿಟ್ನಾ?"

ಉಜ್ಜುವುದನ್ನು ನಿಲ್ಲಿಸಲಿಲ್ಲ. ನಿಧಾನವಾಗಿ ಹೇಳಿದ. ಬೇರೆಯಾದ ಹೊಸದರಲ್ಲಿ ಶನಿವಾರಕ್ಕೆಂದು ಅವನು ಎಲ್ಲ ಸಿದ್ಧ ಮಾಡಿಡುತ್ತಿದ್ದನಂತೆ. ಹೊಸ ಗೊಂಬೆ, ಹೊಸ ಆಟ, ಮೃಗಾಲಯ, ಐಸ್‌ಕ್ರೀಮು. ಮಗು ಬಂದು ನೆಂಟರ ಹಾಗೆ ಕೂರುತ್ತಿತ್ತು. ಥ್ಯಾಂಕ್ಸ್ ಅನ್ನುತ್ತಿತ್ತು. ಮಾತು ಶುರುವಾಗುವಷ್ಟರಲ್ಲಿ ಭಾನುವಾರದ ಸಂಜೆ. "ಮುಂದಿನ ವಾರ ಮತ್ತೆ ಮೊದಲಿಂದ. ಪ್ರತಿ ವಾರ ಹೊಸದಾಗಿ ಪರಿಚಯ ಮಾಡ್ಕೊಳ್ಳೋದು. ಸ್ವಂತ ಮಗಳ ಹತ್ರ."

ಒಂದು ಭಾನುವಾರ ಇಬ್ಬರೂ ಕ್ಷೌರದಂಗಡಿಯ ಗೋಡೆ ಅಂಟಿಸುತ್ತಿದ್ದಾಗ ಹೊತ್ತಾಗಿಹೋಯಿತು. ಅಂಟು ಹಸಿಯಾಗಿಯೇ ಇತ್ತು. "ನಾನು ಬರೋವರ್ಗೂ ಮುಟ್ಬೇಡ" ಅಂತ ಅಳುತ್ತಾ ಹೋದಳು. ಮುಂದಿನ ಶನಿವಾರ ಶೂ ಎಲ್ಲೆಲ್ಲೋ ಎಸೆದು ನೇರ ಮೇಜಿಗೆ ಬಂದಳು. ನಮಸ್ಕಾರ ಇಲ್ಲ, ಹೇಗಿದ್ದೀಯ ಇಲ್ಲ. ನಡುವೆ ಒಂದು ವಾರ ಕಳೆದೇ ಇಲ್ಲವೆನ್ನುವ ಹಾಗೆ.

"ಅವತ್ತಿಂದ ನಾನು ಏನನ್ನೂ ಮುಗಿಸಲ್ಲ" ಅಂದ.

"ನನಗೆ ಹೇಳ್ಬಾರ್ದಿತ್ತಾ?"

"ಹೇಳ್ಬೇಕಿತ್ತು. ಬಾಯಿಬಿಟ್ಟು ಹೇಳಿದ್ರೆ ಅದು ಉಪಾಯ ಆಗ್ಬಿಡುತ್ತೆ ಅನ್ನಿಸ್ತು. ಅವಳಿಗೂ ಯಾವತ್ತೂ ಹೇಳಿಲ್ಲ." ಆಮೇಲೆ ನನ್ನ ಮುಖ ನೋಡಿ, "ನೀನು ಪ್ರೀತಿಯಿಂದ ಮಾಡಿದ್ದು. ಅಷ್ಟು ಬೇಜಾರು ಮಾಡ್ಕೋಬೇಡ" ಅಂದ.

ಬೈದಿದ್ದರೆ ಚೆನ್ನಾಗಿತ್ತು.

ಜೂನ್ ೨೮, ಗುರುವಾರ

ಬೆಳಿಗ್ಗೆ ಕ್ಷೌರದಂಗಡಿಯ ಛಾವಣಿ ಕಿತ್ತುಬಿಡೋಣವೆಂದು ಚಾಕು ಹಿಡಿದು ನಿಂತಿದ್ದೆ. ಇವನು ನೋಡಿ ಕೈ ಹಿಡಿದ.

"ಬೇಡ. ಅವಳಿಗೆ ಗೊತ್ತಾಗುತ್ತೆ. ಅರ್ಧಕ್ಕೆ ನಿಂತದ್ದು ಬೇರೆ, ಒಡೆದದ್ದು ಬೇರೆ."

ಚಾಕುವಿನಲ್ಲಿ ಬ್ರೆಡ್ ಕತ್ತರಿಸಿ ಕೆಲಸಕ್ಕೆ ಹೋದೆ.

ಜೂನ್ ೩೦, ಶನಿವಾರ

ಬರಲಿಲ್ಲ.

ಅವನು ಬೆಳಿಗ್ಗೆಯಿಂದ ಮನೆಯ ಕಿಟಕಿಗಳಿಗೆಲ್ಲ ಪಾಲಿಶ್ ಹಾಕಿದ. ಎಲ್ಲವನ್ನೂ ಪೂರ್ತಿ.

ಜುಲೈ ೩, ಮಂಗಳವಾರ

ಬಟಾಣಿಯ ಅಮ್ಮನದು ಔಷಧಿ ಅಂಗಡಿ. ಊಟದ ವಿರಾಮದಲ್ಲಿ ಅಲ್ಲಿಗೆ ಹೋದೆ. ಹೋಗುವಾಗ ದಾರಿಯುದ್ದಕ್ಕೂ ಭಾಷಣ ಸಿದ್ಧ ಮಾಡಿಕೊಂಡಿದ್ದೆ. ಅವರ ಮುಂದೆ ನಿಂತಾಗ ಬಾಯಿಂದ ಬಂದದ್ದು, "ಒಂದು ತಲೆನೋವಿನ ಮಾತ್ರೆ ಕೊಡಿ."

ಕೊಟ್ಟರು. ಗುರುತು ಹಿಡಿದು, "ನಿಮಗಾ, ಅವನಿಗಾ?" ಅಂದರು.

"ನನಗೆ. ಊರು ಕಟ್ಟೋಕೆ ಹೋಗಿ ತಲೆನೋವು ತಂದ್ಕೊಂಡಿದೀನಿ."

ನಗಬೇಕೋ ಬೇಡವೋ ಅಂತ ನೋಡಿದರು. ನಾನು ಎಲ್ಲ ಹೇಳಿದೆ. ಛಾವಣಿ, ಸೇತುವೆ, ಆನೆ, ಬಿಸ್ಕತ್ತು. ಗಿರಾಕಿಗಳು ಬಂದಾಗ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದೆ, ಹೋದಮೇಲೆ ಮುಂದುವರಿಸುತ್ತಿದ್ದೆ. ಅವರು ಕೆಮ್ಮಿನ ಔಷಧಿ ಕಟ್ಟುತ್ತಲೇ ಕೇಳಿದರು.

"ಹೀಗೆ ಅರ್ಧರ್ಧ ಬಿಡ್ತಿದ್ದ ಅಂತ ನನಗೂ ಗೊತ್ತಿರ್ಲಿಲ್ಲ" ಅಂದರು. "ನಮ್ಮ ಮನೇಲಿದ್ದಾಗ ಮುಗಿಸದೆ ಊಟಕ್ಕೂ ಬರ್ತಿರ್ಲಿಲ್ಲ ಮಹಾರಾಯ. ಅದಕ್ಕೇ ಎಷ್ಟು ಜಗಳ ಆಗಿದೆ."

ನನಗೆ ಅದನ್ನು ಕೇಳಿ ಹೊಟ್ಟೆಕಿಚ್ಚಾಗಬೇಕಿತ್ತು. ಆಗಲಿಲ್ಲ.

"ಶನಿವಾರ ಈಜಿಗೆ ನಾವು ಕರ್ಕೊಂಡು ಹೋಗ್ತೀವಿ. ಅವನು ಹೊರಗೆ ನಿಲ್ಲಲಿ, ಒಳಗೆ ನಾನು ಹೋಗ್ತೀನಿ" ಅಂದೆ.

"ನನಗೇನೂ ಇಲ್ಲ. ಅವಳು ಒಪ್ಪಬೇಕಲ್ಲ. ಏನಂತ ಹೇಳ್ಲಿ?"

"ಊರಲ್ಲಿ ಈಜುಕೊಳ ಬೇಕು ಅಂತ ಜನ ಗಲಾಟೆ ಮಾಡ್ತಿದಾರೆ ಅಂತ ಹೇಳಿ. ಅವಳಪ್ಪನಿಗೂ ಈಜು ಬರಲ್ಲ, ನನಗೂ ಬರಲ್ಲ. ಎಷ್ಟು ಆಳ ಅಗೀಬೇಕು, ಏಣಿ ಯಾವ ಕಡೆ ಇರುತ್ತೆ, ಒಂದೂ ಗೊತ್ತಿಲ್ಲ. ಸುಳ್ಳಲ್ಲ, ನಿಜವಾಗ್ಲೂ ಗೊತ್ತಿಲ್ಲ."

ಚಿಲ್ಲರೆ ಕೊಡುತ್ತಾ ಅವರು, "ಮಾತ್ರೆ ಊಟ ಆದ್ಮೇಲೆ ತಗೊಳ್ಳಿ" ಅಂದರು. ಹೇಳುತ್ತೇನೆ ಅಂತಲೂ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ.

ಜುಲೈ ೫, ಗುರುವಾರ

ನಾನು ಔಷಧಿ ಅಂಗಡಿಗೆ ಹೋದದ್ದನ್ನು ಮಂಗಳವಾರವೇ ಅವನಿಗೆ ಹೇಳಿದ್ದೆ. ಇವತ್ತು ಅಂಗಡಿಯಿಂದ ಬರುವಾಗ ಒಂದು ಹಳೆಯ ಹಲಗೆ ತಂದು ಊರಿನ ಮೇಜಿಗೆ ತಾಗಿಸಿ ಇಟ್ಟ. "ಜಾಗ ಬೇಕಲ್ಲ, ಬಂದ್ರೆ" ಅಂದ.

ಹಲಗೆ ಖಾಲಿ. ನನಗೆ ಅದರ ಮೇಲೆ ಕನಿಷ್ಠ ಒಂದು ಗೆರೆ ಎಳೆಯಬೇಕೆಂದು ಬೆರಳು ತುರಿಸುತ್ತಿತ್ತು. ಪೆನ್ಸಿಲನ್ನು ಎತ್ತಿ ಡ್ರಾಯರಿನಲ್ಲಿ ಹಾಕಿದೆ.

ಫೋನ್ ಬಂದಾಗ ಅವನು ಸ್ನಾನಕ್ಕೆ ಹೋಗಿದ್ದ. ನಾನೇ ಎತ್ತಿದೆ. ಬಟಾಣಿಯ ಅಮ್ಮ. "ಕೇಳಿದೆ. ಈಜಿಗೆ ಬರ್ತಾಳಂತೆ. ಆಮೇಲೆ ನೋಡೋಣ ಅಂದಿದಾಳೆ. ಟವೆಲ್ ಎರಡು ಕಳಿಸ್ತೀನಿ, ತಲೆಗೊಂದು, ಮೈಗೊಂದು."

ಬಾತ್‌ರೂಮಿನ ಬಾಗಿಲಿಗೆ ಬಾಯಿಟ್ಟು ಹೇಳಿದೆ. ನೀರಿನ ಸದ್ದು ನಿಂತಿತು.

ಜುಲೈ ೭, ಶನಿವಾರ

ಈಜುಕೊಳದ ಬಾಗಿಲಲ್ಲಿ ಒಬ್ಬ ಹೆಂಗಸು ಸ್ಟೂಲ್ ಹಾಕಿಕೊಂಡು ಕೂತಿರುತ್ತಾಳೆ. "ಗಂಡಸರು ಇಲ್ಲೇ" ಅಂತ ಕಾಲು ಅಡ್ಡ ಚಾಚಿದಳು. ಬಟಾಣಿಯ ಅಪ್ಪ ಎರಡು ಟವೆಲ್, ಸೋಪಿನ ಡಬ್ಬಿ, ಬಾಟಲಿ, ಈಜುವ ಕನ್ನಡಕ ಎಲ್ಲ ಹಿಡಿದುಕೊಂಡು ಅಲ್ಲೇ ನಿಂತ. ಪಕ್ಕದಲ್ಲಿ ಅಮ್ಮಂದಿರು ಮಕ್ಕಳನ್ನು ಕರೆದುಕೊಂಡು ಒಳಗೆ ಹೋಗುತ್ತಿದ್ದರು. ಕೆಲವರು ಅವನನ್ನು ತಿರುಗಿ ನೋಡಿದರು. ಒಳಗೆ ಬೇಕಾದದ್ದನ್ನೆಲ್ಲ ಒಂದೊಂದಾಗಿ ನನ್ನ ಕೈಗೆ ದಾಟಿಸಿದ.

"ನೀವು ಮಗೂಗೆ ಅಮ್ಮನಾ?" ಸ್ಟೂಲಿನವಳು ಕೇಳಿದಳು.

"ಅಲ್ಲ."

"ಮತ್ತೆ ಏನಾಗ್ಬೇಕು?"

ನಾನು ಟವೆಲುಗಳನ್ನು ಇನ್ನೊಂದು ಕೈಗೆ ಬದಲಾಯಿಸಿದೆ. ಬಟಾಣಿ ನೆಲ ನೋಡುತ್ತಾ ಹೇಳಿದಳು, "ಇವರು ಪೂರ್ತಿ ಆಂಟಿ."

"ಪೂರ್ತಿ ಆಂಟಿ? ಅದ್ಯಾವ ಸಂಬಂಧ?"

"ಏನ್ ಸಿಕ್ಕಿದ್ರೂ ಪೂರ್ತಿ ಮಾಡ್ಬಿಡ್ತಾರೆ. ಅದಕ್ಕೆ."

ಹಿಂದೆ ಅವನ ಮೂಗು ನಕ್ಕ ಸದ್ದು ಕೇಳಿತು. ಸ್ಟೂಲಿನವಳು ಕಾಲು ತೆಗೆದಳು.

ಕ್ಲಾಸ್ ಮುಗಿದ ಮೇಲೆ ಒಳಗಿನ ಕೋಣೆಯಲ್ಲಿ ಅವಳೇ ತಲೆ ಒರೆಸಿಕೊಂಡಳು. ಒಂದು ಕಡೆ ಒಣಗಿತು, ಇನ್ನೊಂದು ಕಡೆ ನೀರು ಸುರಿಯುತ್ತಲೇ ಇತ್ತು. ಅಂಗಿಯ ಕಾಲರಿನೊಳಗೆ ಹನಿ ಇಳಿಯುತ್ತಿತ್ತು. ನನ್ನ ಕೈ ಎರಡು ಸಲ ಮುಂದೆ ಹೋಗಿ ಎರಡು ಸಲ ವಾಪಸ್ ಬಂತು. ಟವೆಲ್ ಹಿಡಿದುಕೊಂಡು ಗೋಡೆಯ ಗೂಟದ ಹಾಗೆ ನಿಂತೆ.

ಬೆನ್ನು ತಿರುಗಿಸಿ, "ಜಿಪ್" ಅಂದಳು.

ಅರ್ಧದವರೆಗೆ ಎಳೆದು ನಿಲ್ಲಿಸಿದೆ. ಭಯ.

"ಯಾಕೆ ನಿಲ್ಸಿದ್ರಿ?"

"ಸುಮ್ನೆ."

ತಿರುಗಿ ನನ್ನ ಮುಖ ನೋಡಿದಳು. ಆಮೇಲೆ ಅವಳ ಮೂಗು ನಕ್ಕಿತು. "ಅಯ್ಯೋ, ಅದನ್ನ ಪೂರ್ತಿ ಹಾಕ್ಬೇಕು!"

ಹೊರಗೆ ಬಂದಾಗ ಅವಳಪ್ಪ ಬಾಗಿಲಿನಿಂದ ಒಂದು ಹೆಜ್ಜೆಯೂ ಕದಲದೆ ಅಲ್ಲೇ ನಿಂತಿದ್ದ. ಅವಳ ಒದ್ದೆ ಅರ್ಧ ತಲೆ ನೋಡಿ ನನ್ನನ್ನು ನೋಡಿದ. ನಾನು ಆಕಾಶ ನೋಡಿದೆ.

"ಎಷ್ಟು ಆಳ ಇತ್ತು?" ಅಂತ ಕೇಳಿದ.

"ಈ ಕಡೆ ನನ್ನ ಎದೆವರ್ಗೂ. ಆ ಕಡೆ ನೀನೂ ಮುಳುಗ್ತೀಯ."

"ಹಾಗಾದ್ರೆ ತಳ ಸಮ ಇರಲ್ವಾ?"

"ಅಯ್ಯೋ ಅಪ್ಪಾ, ಅಷ್ಟೂ ಗೊತ್ತಿಲ್ವಾ ನಿನಗೆ? ಇಳಿಜಾರು! ನಡಿ ಮನೆಗೆ, ತೋರಿಸ್ತೀನಿ."

ಮನೆಗೆ ಬಂದು ನೇರ ಹಲಗೆಯ ಮುಂದೆ ಕೂತಳು. ಸಂಜೆಯವರೆಗೆ ಇಬ್ಬರೂ ಕೊಳ ತೋಡಿದರು. ನಾನು ಚಹಾ ಮಾಡಿಕೊಟ್ಟೆ. ಹೊಸ ಬಿಸ್ಕತ್ತಿನ ಪೊಟ್ಟಣ ಒಡೆದಳು, ನಾಲ್ಕು ತಿಂದು ರಬ್ಬರ್ ಬ್ಯಾಂಡ್ ಹುಡುಕಿದಳು. ಡ್ರಾಯರಿನಿಂದ ತೆಗೆದುಕೊಟ್ಟೆ. ರಾತ್ರಿ ಉಳಿಯುತ್ತೀಯಾ ಅಂತ ಯಾರೂ ಕೇಳಲಿಲ್ಲ. ಹಲ್ಲುಜ್ಜಿ ಹೋಗಿ ಮಲಗಿದಳು.

ಜುಲೈ ೮, ಭಾನುವಾರ

ಬೆಳಿಗ್ಗೆ ಕೆಂಪು ಬಸ್ಸು ಈಚೆ ದಡಕ್ಕೆ ಬಂದು ನಿಂತಿತ್ತು. ಪ್ರಯಾಣಿಕರನ್ನು ಈಜುಕೊಳಕ್ಕೆ ತಂದಿದೆಯಂತೆ. ಇಷ್ಟು ದಿನ ಕಾಯಿಸಿದ್ದಕ್ಕೆ ಮೇಯರ್ ಎಲ್ಲರಿಗೂ ಉಚಿತ ಈಜು ಘೋಷಿಸಿದ್ದಾರೆ.

ಹೊರಡುವಾಗ ಒಂದು ಶೂ ಸಿಗಲಿಲ್ಲ. ಮೂವರೂ ನೆಲದ ಮೇಲೆ ಮಂಡಿಯೂರಿ ಹುಡುಕಿದೆವು. ಕಪಾಟಿನ ಹಿಂದೆ ಹಾರಿ ಬಿದ್ದಿತ್ತು. ಅದನ್ನು ಹಾಕಿಕೊಳ್ಳುತ್ತಾ ಅಂದಳು, "ಪೂರ್ತಿ ಆಂಟಿ, ಏಣಿ ನೀವು ಮಾಡಿ. ಆದ್ರೆ ಎರಡೇ ಮೆಟ್ಟಿಲು. ಉಳಿದಿದ್ದು ನಾನು ಬಂದ್ಮೇಲೆ. ಅಪ್ಪಾ, ನೀನು ನೋಡ್ಕೋ."

"ಇವಳ ಮೇಲೆ ನನಗೇ ನಂಬಿಕೆ ಇಲ್ಲ" ಅಂದ ಅವಳಪ್ಪ.

"ಅಂಟಿನ ಡಬ್ಬಿ ಬೀಗ ಹಾಕಿಡು."

ಅವಳನ್ನು ಬಿಟ್ಟುಬಂದ ಮೇಲೆ ಗೇಟಿನೆದುರು ವ್ಯಾನ್ ನಿಂತಿತು. ಎಂಜಿನ್ ಆಫ್ ಆಯಿತು. ಒಲೆ ಆರಿಸಿ ಹೊರಗೆ ಹೋದೆ. ಪಕ್ಕದ ಬಾಗಿಲು ತೆಗೆದು ಅವನ ಜೊತೆ ಕೂತೆ. ಸೀಟಿನ ಮೇಲೆ ಒದ್ದೆ ಟವೆಲಿನ ವಾಸನೆ ಇತ್ತು. ಬೀದಿದೀಪ ಹತ್ತಿದ ಮೇಲೆ ಇಬ್ಬರೂ ಇಳಿದೆವು.

ಜುಲೈ ೧೧, ಬುಧವಾರ

ಅಮ್ಮ ಫೋನಿನಲ್ಲಿ, "ಆ ಮಗು ನಿನ್ನನ್ನ ಏನಂತ ಕರೆಯುತ್ತೆ?" ಅಂತ ಕೇಳಿದಳು. ಹೇಳಿದೆ. "ಥೂ, ಅದೂ ಒಂದು ಹೆಸರಾ" ಅಂದಳು. ನನಗೆ ಮಾತ್ರ ಅದನ್ನು ಬದಲಾಯಿಸಿಕೊಳ್ಳುವ ಮನಸ್ಸಿಲ್ಲ.

ಏಣಿಗೆ ಬೆಂಕಿಕಡ್ಡಿ ಕತ್ತರಿಸಿದೆ. ಎರಡು ಮೆಟ್ಟಿಲು ಅಂಟಿಸಿದೆ. ಮೂರನೆಯದಕ್ಕೂ ಕಡ್ಡಿ ಅಳತೆಗೆ ಸರಿಯಾಗಿ ಕತ್ತರಿಸಿಯೇ ಇತ್ತು, ಅದರ ಜಾಗವೂ ಖಾಲಿ ಇತ್ತು, ಅಂಟೂ ಇನ್ನೂ ಒಣಗಿರಲಿಲ್ಲ.

ಕಡ್ಡಿಯನ್ನು ಕೊಳದ ದಂಡೆಯ ಮೇಲಿಟ್ಟು, ಡಬ್ಬಿಯ ಮುಚ್ಚಳ ತಿರುಗಿಸಿ, ಎದ್ದೆ.